ಕಬ್ಬಿಣದ ಊರು, ಮೀನಿನ ಊರು: ಕಮೈಶಿಯ ನೆನಪುಗಳು

(ಕರಾವಳಿಯ ಬಂದರು ಊರೊಂದರ ವಾಚನಾಲಯದಲ್ಲಿ ನಮ್ಮ ಪತ್ರಿಕೆಯ ವರದಿಗಾರರು ಮಾಡಿದ ಉಪನ್ಯಾಸದ ಬರಹ ರೂಪ)



ಸಭೆಗೆ ಬರುವ ಮುಂಚೆ ನಿಮ್ಮ ದಕ್ಕೆಯ ಮೇಲೆ ಸ್ವಲ್ಪ ಹೊತ್ತು ಅಡ್ಡಾಡಿ ಬಂದೆ. ಬೋಟುಗಳ ಸಾಲಿನ ಪಕ್ಕದಲ್ಲಿ ತುಕ್ಕು ಹಿಡಿದ ಲಂಗರುಗಳು ಬಿದ್ದಿದ್ದವು. ಆಚೆ ಬದಿಯಲ್ಲಿ ವೆಲ್ಡಿಂಗ್ ಅಂಗಡಿಯ ಕಿಡಿ ಹಾರುತ್ತಿತ್ತು. ಹಿಂದೆ ಅಲ್ಲೇ ಎಲ್ಲೋ ಕಮ್ಮಾರ ಸಾಲೆ ಇತ್ತೆಂದು ಚಹಾದ ಅಂಗಡಿಯವರು ಹೇಳಿದರು. ಎಲ್ಲಿತ್ತು ಎಂದು ಕೇಳಿದರೆ ಒಬ್ಬರು ಈ ಮೂಲೆ ತೋರಿಸಿದರು, ಇನ್ನೊಬ್ಬರು ಆ ಮೂಲೆ ತೋರಿಸಿದರು. ದೋಣಿಗೆ ಮೊಳೆ, ಲಂಗರು, ಗಾಳ ತಟ್ಟಿಕೊಟ್ಟ ಜಾಗ ಎಲ್ಲಿತ್ತೆಂಬುದು ಒಂದೆರಡು ತಲೆಮಾರಿನಲ್ಲೇ ಮರೆತುಹೋಗಿದೆ.

ಊರೊಂದು ತನ್ನ ಕಸುಬನ್ನು, ತನ್ನ ಆಪತ್ತನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಿಮ್ಮನ್ನು ಬಹಳ ದೂರದ ಒಂದು ಬಂದರಿಗೆ ಕರೆದೊಯ್ಯಬೇಕೆಂದಿದ್ದೇನೆ. ಅದು ಜಪಾನಿನ ಈಶಾನ್ಯ ಕರಾವಳಿಯಲ್ಲಿರುವ ಕಮೈಶಿ. ಆ ಊರಿಗೆ ನಾನು ಹೋದವನಲ್ಲ. ಹೇಳುವುದೆಲ್ಲ ಓದಿ ತಿಳಿದದ್ದು. ಆದರೂ ಅದರ ಗುಂಗು ಹಿಡಿದದ್ದಕ್ಕೆ ಕಾರಣವಿದೆ. 2011ರ ಮಾರ್ಚ್ 11ರಂದು ಟಿ.ವಿ.ಯಲ್ಲಿ ಆ ಕಪ್ಪು ನೀರು ಊರುಗಳನ್ನು ನುಂಗುವುದನ್ನು ನೋಡಿದಾಗ ನನಗೆ ಹನ್ನೆರಡು ವರ್ಷ. ಅದೇ ಹೊತ್ತಿಗೆ ಕಮೈಶಿಯಲ್ಲಿ ನನ್ನ ಓರಗೆಯ ನೂರಾರು ಮಕ್ಕಳು ಗುಡ್ಡದ ಕಡೆಗೆ ಓಡುತ್ತಿದ್ದರು ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅವರು ಯಾಕೆ ಓಡಿದರು, ಹೇಗೆ ಉಳಿದರು ಎಂದು ಹುಡುಕುತ್ತಾ ಹೋದಾಗ ಕಬ್ಬಿಣವೂ ಮೀನೂ ಸೇರಿದ ಒಂದು ಊರಿನ ಕಥೆಯೇ ತೆರೆದುಕೊಂಡಿತು.

ಬೆಟ್ಟದಲ್ಲಿ ಅದಿರು, ಕಡಲಲ್ಲಿ ಮೀನು

ಕಮೈಶಿ ಇರುವುದು ಇವಾತೆ ಪ್ರಾಂತ್ಯದಲ್ಲಿ. ಆ ತೀರಕ್ಕೆ ಸಾನ್ರಿಕು ಎಂದು ಹೆಸರು. ಅಲ್ಲಿ ಬೆಟ್ಟಗಳು ನೇರವಾಗಿ ಕಡಲಿಗೆ ಇಳಿಯುತ್ತವೆ. ಬೆಟ್ಟಗಳ ನಡುವಣ ಕಣಿವೆಗಳಿಗೆ ಕಡಲು ನುಗ್ಗಿ ಕಿರಿದಾದ ಆಳದ ಕೊಲ್ಲಿಗಳಾಗಿವೆ. ನಮ್ಮ ಕರಾವಳಿಯಂತೆ ಉದ್ದನೆಯ ಮರಳ ದಂಡೆ ಅಲ್ಲಿ ಅಪರೂಪ. ಬೆಟ್ಟದ ಬುಡದ ಸಣ್ಣ ಬಯಲಿನಲ್ಲಿ ಮನೆ, ಅಂಗಡಿ, ದೋಣಿ, ಎಲ್ಲವೂ ಒತ್ತೊತ್ತಾಗಿ ಸೇರಿಕೊಂಡಿರುತ್ತವೆ. ಹೊರಗಿನ ಕಡಲಿನಲ್ಲಿ ಉತ್ತರದ ತಣ್ಣನೆಯ ಪ್ರವಾಹವೂ ದಕ್ಷಿಣದ ಬೆಚ್ಚನೆಯ ಪ್ರವಾಹವೂ ಸಂಧಿಸುತ್ತವೆ. ಎರಡು ನೀರು ಕೂಡುವಲ್ಲಿ ಮೀನು ಹೆಚ್ಚು. ಜಗತ್ತಿನ ಅತಿ ಸಮೃದ್ಧ ಮೀನುಗಾರಿಕೆಯ ನೆಲೆಗಳಲ್ಲಿ ಇದೂ ಒಂದು.

ಕೊಲ್ಲಿಯ ಹಿಂದಿನ ಬೆಟ್ಟಗಳಲ್ಲಿ ಪ್ರಕೃತಿ ಇನ್ನೊಂದು ಸಂಪತ್ತನ್ನು ಇಟ್ಟಿತ್ತು. ಅದು ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಅದಿರು. ಬಹುಕಾಲ ಅದಕ್ಕೆ ದೊಡ್ಡ ಬೆಲೆ ಬರಲಿಲ್ಲ. ಜಪಾನೀಯರು ನದಿ, ಗುಡ್ಡಗಳ ಕಬ್ಬಿಣದ ಮರಳನ್ನು ಇದ್ದಿಲಿನೊಂದಿಗೆ ಜೇಡಿಮಣ್ಣಿನ ಒಲೆಯಲ್ಲಿ ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರು. ಅವರ ಹೆಸರಾಂತ ಕತ್ತಿಗಳು ಹುಟ್ಟಿದ್ದು ಆ ಒಲೆಯಲ್ಲೇ.

1853ರಲ್ಲಿ ಅಮೆರಿಕದ ಯುದ್ಧನೌಕೆಗಳು ಜಪಾನಿನ ಬಾಗಿಲು ತಟ್ಟಿದಾಗ ಪರಿಸ್ಥಿತಿ ಬದಲಾಯಿತು. ದೇಶಕ್ಕೆ ಈಗ ಬೇಕಾದದ್ದು ಕತ್ತಿಯಲ್ಲ, ಫಿರಂಗಿ. ಮಿತೊ ಎಂಬ ಸಂಸ್ಥಾನ ಫಿರಂಗಿ ಎರಕಕ್ಕೆ ಕುಲುಮೆ ಕಟ್ಟಲು ಓಶಿಮಾ ತಾಕಾತೊ ಎಂಬ ಯುವಕನನ್ನು ಕರೆಸಿಕೊಂಡಿತು. ಓಶಿಮಾ ಯುರೋಪನ್ನು ಕಂಡವನಲ್ಲ. ನಾಗಸಾಕಿಯಲ್ಲಿ ಡಚ್ ಭಾಷೆಯ ವಿದ್ಯೆ ಕಲಿತು, ಫಿರಂಗಿ ಎರಕದ ಬಗೆಗಿನ ಡಚ್ ಪುಸ್ತಕವೊಂದರ ಅನುವಾದದಲ್ಲಿ ಕೈಗೂಡಿಸಿದವನು. ಮರಳಿನಿಂದ ತೆಗೆದ ಕಬ್ಬಿಣದಲ್ಲಿ ಎರೆದ ಫಿರಂಗಿ ಗಟ್ಟಿಯಾಗಿ ನಿಲ್ಲದು, ಅದಿರಿನಿಂದ ತೆಗೆದ ಬೀಡು ಕಬ್ಬಿಣವೇ ಬೇಕು ಎಂಬುದು ಅವನಿಗೆ ಮನವರಿಕೆಯಾಯಿತು. ಅಂಥ ಅದಿರು ಇದ್ದದ್ದು ಕಮೈಶಿಯ ಬೆಟ್ಟದಲ್ಲಿ.

ಕಮೈಶಿಯ ಹಿಂದಿನ ಓಹಾಶಿ ಎಂಬಲ್ಲಿ ಓಶಿಮಾ ಪಾಶ್ಚಾತ್ಯ ಮಾದರಿಯ ಊದುಕುಲುಮೆ ಕಟ್ಟಿದ. ಪುಸ್ತಕದಲ್ಲಿದ್ದದ್ದು ಚಿತ್ರ ಮತ್ತು ವಿವರಣೆ ಮಾತ್ರ. ಕಲ್ಲು ಕೆತ್ತಿದವರು, ಇದ್ದಿಲು ಸುಟ್ಟವರು, ನೀರಿನ ಚಕ್ರಕ್ಕೆ ತಿದಿ ಜೋಡಿಸಿದವರು ಸ್ಥಳೀಯ ಕೆಲಸಗಾರರು. ಹಳೆಯ ಜಪಾನೀ ಪಂಚಾಂಗದ ಪ್ರಕಾರ 1857ರ ಹನ್ನೆರಡನೆಯ ತಿಂಗಳ ಮೊದಲ ದಿನ ಆ ಕುಲುಮೆಯಿಂದ ಕರಗಿದ ಕಬ್ಬಿಣ ಹರಿಯಿತು. ಇಂದಿಗೂ ಜಪಾನಿನಲ್ಲಿ ಡಿಸೆಂಬರ್ 1 ‘ಕಬ್ಬಿಣದ ದಿನ’. ಮರುವರ್ಷ ಹಾಶಿನೊ ಎಂಬಲ್ಲಿ ಇನ್ನೊಂದು ಕುಲುಮೆ ಎದ್ದಿತು. ಮುಂದೆ ಅಲ್ಲಿ ಮೂರು ಕುಲುಮೆಗಳಾದವು. ಅವುಗಳ ಕಲ್ಲಿನ ಅವಶೇಷಗಳು ಕಾಡಿನ ನಡುವೆ ಇಂದಿಗೂ ನಿಂತಿವೆ. 2015ರಲ್ಲಿ ಅವು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಸರ್ಕಾರ ಸೋತಲ್ಲಿ

ಓಶಿಮಾನ ಯಶಸ್ಸು ನೋಡಿ ಹೊಸ ಮೇಜಿ ಸರ್ಕಾರ 1874ರಲ್ಲಿ ಕಮೈಶಿಯಲ್ಲಿ ದೊಡ್ಡ ಕಾರ್ಖಾನೆ ಕಟ್ಟಲು ಹೊರಟಿತು. ಸಣ್ಣ ಸಣ್ಣ ಕುಲುಮೆಗಳಿಂದ ಆರಂಭಿಸೋಣ ಎಂದು ಓಶಿಮಾ ಸೂಚಿಸಿದ. ವಿದೇಶಿ ತಜ್ಞರು ಎರಡೇ ದೊಡ್ಡ ಕುಲುಮೆ ಸಾಕು ಎಂದರು. ಸರ್ಕಾರ ಕೇಳಿದ್ದು ವಿದೇಶಿಯರ ಮಾತನ್ನು. ಬ್ರಿಟನ್ನಿನಿಂದ ಯಂತ್ರಗಳು ಬಂದವು. ಗಣಿಯಿಂದ ಬಂದರಿಗೆ ರೈಲು ಹಳಿ ಬಿತ್ತು. ಜಪಾನಿನ ಮೊತ್ತಮೊದಲ ರೈಲು ಮಾರ್ಗಗಳಲ್ಲಿ ಅದೂ ಒಂದು.

1880ರಲ್ಲಿ ಕುಲುಮೆ ಹೊತ್ತಿತು. ಆದರೆ ಅದರ ಹೊಟ್ಟೆ ತುಂಬಿಸುವಷ್ಟು ಇದ್ದಿಲು ಆ ಬೆಟ್ಟಗಳಲ್ಲಿ ಸುಡಲಾಗಲಿಲ್ಲ. ಇದ್ದಿಲು ಸುಡುವ ಜಾಗಕ್ಕೇ ಬೆಂಕಿ ಬಿತ್ತು. ಕೋಕ್ ಹಾಕಿ ನೋಡಿದರೆ ಕಬ್ಬಿಣ ಕುಲುಮೆಯೊಳಗೇ ಹೆಪ್ಪುಗಟ್ಟಿತು. 1883ರಲ್ಲಿ ಸರ್ಕಾರ ಕಾರ್ಖಾನೆಯನ್ನು ಕೈಬಿಟ್ಟಿತು. ಇದ್ದಿಲಿನ ಕುಲುಮೆ ಎಂದರೆ ಎಷ್ಟು ಕಾಡು ಬೇಕೆಂಬುದು ಕನ್ನಡಿಗರಿಗೆ ತಿಳಿಯದ್ದಲ್ಲ. 1923ರಲ್ಲಿ ಆರಂಭವಾದ ನಮ್ಮ ಭದ್ರಾವತಿಯ ಕುಲುಮೆಯೂ ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದಲೇ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿತು.

ಕಮೈಶಿಯ ಪಾಳುಬಿದ್ದ ಆಸ್ತಿಯನ್ನು ಕೊಂಡವನು ಟೋಕಿಯೊದ ವ್ಯಾಪಾರಿ ತನಕಾ ಚೋಬೇ. ಅವನ ಕಡೆಯವರು ಓಶಿಮಾ ಹೇಳಿದಂತೆ ಸಣ್ಣ ಕುಲುಮೆಗಳನ್ನೇ ಕಟ್ಟಿದರು. ಒಂದಲ್ಲ ಎರಡಲ್ಲ, ನಲವತ್ತೆಂಟು ಸಲ ಸೋತರು. 1886ರ ಅಕ್ಟೋಬರ್ 16ರಂದು, ನಲವತ್ತೊಂಬತ್ತನೆಯ ಸಲಕ್ಕೆ, ಕಬ್ಬಿಣ ಸರಿಯಾಗಿ ಹರಿಯಿತು. 1894ರಲ್ಲಿ ನೊರೊ ಕಾಗೆಯೋಶಿ ಎಂಬ ವಿಜ್ಞಾನಿಯ ಮಾರ್ಗದರ್ಶನದಲ್ಲಿ ಸರ್ಕಾರ ಬಿಟ್ಟುಹೋಗಿದ್ದ ಹಳೆಯ ದೊಡ್ಡ ಕುಲುಮೆಯಲ್ಲೇ ಕೋಕ್‌ನಿಂದ ಬೀಡು ಕಬ್ಬಿಣ ತೆಗೆದರು. ಜಪಾನಿನಲ್ಲಿ ಅದೇ ಮೊದಲು. 1901ರಲ್ಲಿ ಯವಾತಾದಲ್ಲಿ ದೇಶದ ದೊಡ್ಡ ಉಕ್ಕಿನ ಕಾರ್ಖಾನೆ ಆರಂಭವಾದಾಗ ಕೆಲಸ ಬಲ್ಲವರನ್ನು ಕಳಿಸಿಕೊಟ್ಟದ್ದು ಕಮೈಶಿ. ಜಪಾನಿನ ಆಧುನಿಕ ಕಬ್ಬಿಣದ ತವರು ಎಂಬ ಹೆಸರು ಈ ಊರಿಗೆ ಬಂದದ್ದು ಹೀಗೆ.

ಹಬ್ಬದ ಸಂಜೆಯ ಅಲೆ

ಇದು ಬೆಟ್ಟದ ಕಡೆಯ ಚರಿತ್ರೆ. ಈಗ ಕಡಲಿನ ಕಡೆಗೆ ತಿರುಗೋಣ.

‘ಸುನಾಮಿ’ ಎಂಬ ಪದ ನಮ್ಮ ಮನೆಮಾತಾದದ್ದು 2004ರ ಡಿಸೆಂಬರ್ 26ರ ನಂತರ. ಅದು ಜಪಾನೀ ಪದ. ‘ತ್ಸು’ ಎಂದರೆ ಬಂದರು, ‘ನಾಮಿ’ ಎಂದರೆ ಅಲೆ. ಬಂದರಿನ ಅಲೆ! ಈ ಹೆಸರಿನಲ್ಲೇ ಮೀನುಗಾರನ ಅನುಭವ ಅಡಗಿದೆ. ಆಳದ ಕಡಲಿನಲ್ಲಿ ಈ ಅಲೆ ದೋಣಿಯ ಕೆಳಗೆ ಹಾದುಹೋದರೂ ಗೊತ್ತಾಗುವುದಿಲ್ಲ. ಆಳ ಕಡಿಮೆಯಾಗಿ ಕೊಲ್ಲಿ ಕಿರಿದಾದಂತೆ ಅದು ಎದ್ದು ನಿಲ್ಲುತ್ತದೆ. ಸಾನ್ರಿಕುವಿನ ಕೊಲ್ಲಿಗಳು ಬಾಯಿ ಅಗಲ, ಕೊನೆ ಕಿರಿದು. ಅಲೆಯನ್ನು ಲಾಳಿಕೆಯಲ್ಲಿ ಸುರಿದಂತೆ.

1896ರ ಜೂನ್ 15. ಚಾಂದ್ರಮಾನದ ಪ್ರಕಾರ ಗಂಡುಮಕ್ಕಳ ಹಬ್ಬದ ದಿನ. ಚೀನಾದೊಡನೆ ಯುದ್ಧ ಮುಗಿಸಿ ಬಂದ ಸೈನಿಕರ ಸಂಭ್ರಮವೂ ಸೇರಿತ್ತು. ಸಂಜೆ ಭೂಮಿ ಮೆಲ್ಲಗೆ ಅಲುಗಿತು. ಅಷ್ಟಕ್ಕೆ ಯಾರೂ ಹೆದರಲಿಲ್ಲ. ಅರ್ಧ ತಾಸು ಕಳೆಯುವಷ್ಟರಲ್ಲಿ ಕತ್ತಲೆಯಲ್ಲಿ ಕಡಲು ಬಂತು. ಆ ತೀರದುದ್ದಕ್ಕೂ ಸುಮಾರು 22 ಸಾವಿರ ಜನ ಸತ್ತರು. ಕಮೈಶಿ ಪಟ್ಟಣವೊಂದರಲ್ಲೇ ಸುಮಾರು ಆರೂವರೆ ಸಾವಿರ ಜನರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಹೋದರು. ಆ ರಾತ್ರಿ ಕಡಲಿನಲ್ಲಿ ಮೀನು ಹಿಡಿಯುತ್ತಿದ್ದವರಿಗೆ ಏನೂ ತಿಳಿದಿರಲಿಲ್ಲ. ಬೆಳಗ್ಗೆ ದಡಕ್ಕೆ ಬರುವಾಗ ನೀರಿನ ಮೇಲೆ ಮನೆಗಳ ತೊಲೆ, ಹಲಗೆ ತೇಲುತ್ತಿದ್ದವು. ಕಡಲಿಗೆ ಹೋದವರು ಉಳಿದರು, ಮನೆಯಲ್ಲಿದ್ದವರು ಹೋದರು. ದಡವೇ ಸುರಕ್ಷಿತ ಎಂದು ನಂಬಿ ಬದುಕುವ ಮೀನುಗಾರರ ಮನೆಗಳಿಗೆ ಇದಕ್ಕಿಂತ ಕ್ರೂರವಾದ ಅಣಕ ಬೇರಿಲ್ಲ.

ಮೂವತ್ತೇಳು ವರ್ಷಗಳ ನಂತರ, 1933ರ ಮಾರ್ಚ್ 3ರ ನಸುಕಿನಲ್ಲಿ, ಅಲೆ ಮತ್ತೆ ಬಂತು. ಈ ಸಲ ತೀರದಲ್ಲಿ ಸುಮಾರು ಮೂರು ಸಾವಿರ ಜನ ಸತ್ತರು ಇಲ್ಲವೆ ಕಾಣೆಯಾದರು. ಆ ಬಳಿಕ ಊರೂರಿನಲ್ಲೂ ನೆನಪಿನ ಕಲ್ಲುಗಳು ಎದ್ದವು. ನಮ್ಮ ವೀರಗಲ್ಲು, ಮಾಸ್ತಿಗಲ್ಲುಗಳು ಆದದ್ದನ್ನು ಹೇಳುತ್ತವೆ. ಆ ಕಲ್ಲುಗಳು ಮುಂದೆ ಏನು ಮಾಡಬೇಕೆಂದೂ ಹೇಳುತ್ತವೆ: ಭೂಮಿ ಕಂಪಿಸಿದರೆ ಅಲೆಯನ್ನು ನಿರೀಕ್ಷಿಸಿ, ಎತ್ತರಕ್ಕೆ ಹೋಗಿ. ಮಿಯಾಕೊ ಬಳಿಯ ಅನೆಯೋಶಿ ಎಂಬ ಹಳ್ಳಿಯ ಕಲ್ಲು ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿ ಎನ್ನುತ್ತದೆ. ಅಲ್ಲಿಯವರು ಆ ಮಾತು ಕೇಳಿದರು. 2011ರ ಅಲೆ ಆ ಹಳ್ಳಿಯ ಮನೆಗಳನ್ನು ಮುಟ್ಟಲಿಲ್ಲ.

ಆದರೆ ಎಲ್ಲ ಊರುಗಳೂ ಕಲ್ಲಿನ ಮಾತು ಕೇಳಲಿಲ್ಲ. ಮೀನುಗಾರನಿಗೆ ಕಡಲು ಕಣ್ಣೆದುರಿಗಿರಬೇಕು, ದೋಣಿ ಕೈಗೆ ಸಿಗುವಂತಿರಬೇಕು. ಗುಡ್ಡದಿಂದ ದಿನವೂ ಇಳಿದು ಹತ್ತುವುದು ಸುಲಭವಲ್ಲ. ಮೊದಲು ಒಂದು ಗುಡಿಸಲು, ಆಮೇಲೆ ಮನೆ, ಆಮೇಲೆ ಬೀದಿ. ಹೀಗೆ ಊರು ಮತ್ತೆ ಕೆಳಗಿಳಿಯಿತು.

ಬಾಂಬಿನಿಂದ ರಗ್ಬಿಯವರೆಗೆ

ಕಬ್ಬಿಣವೂ ಊರಿಗೆ ಬರೀ ಅನ್ನ ಕೊಟ್ಟದ್ದಲ್ಲ, ಆಪತ್ತನ್ನೂ ತಂದಿತು. 1945ರ ಜುಲೈ 14ರಂದು ಅಮೆರಿಕದ ಯುದ್ಧನೌಕೆಗಳು ಜಪಾನಿನ ಮುಖ್ಯ ಭೂಭಾಗದ ಮೇಲೆ ಮೊದಲ ಬಾರಿಗೆ ಫಿರಂಗಿ ಹಾರಿಸಿದವು. ಗುರಿ ಕಮೈಶಿಯ ಉಕ್ಕಿನ ಕಾರ್ಖಾನೆ. ನಾಗಸಾಕಿಯ ಮೇಲೆ ಅಣುಬಾಂಬು ಬಿದ್ದ ಆಗಸ್ಟ್ 9ರಂದೇ ಕಮೈಶಿಯ ಮೇಲೆ ಎರಡನೆಯ ದಾಳಿ ನಡೆಯಿತು. ಎರಡೂ ದಾಳಿಗಳಲ್ಲಿ 750ಕ್ಕೂ ಹೆಚ್ಚು ಜನ ಸತ್ತರು. ಕಾರ್ಖಾನೆಯಲ್ಲಿ ದುಡಿಸಿಕೊಳ್ಳುತ್ತಿದ್ದ ಯುದ್ಧಕೈದಿಗಳು ತಮ್ಮವರದೇ ಗುಂಡಿಗೆ ಬಲಿಯಾದರು. ಫಿರಂಗಿಗಾಗಿ ಆರಂಭವಾದ ಕಬ್ಬಿಣದ ಊರನ್ನು ಫಿರಂಗಿಯೇ ಸುಟ್ಟಿತು.

ಊರು ಮತ್ತೆ ಎದ್ದಿತು. 1948ರಲ್ಲಿ ಕುಲುಮೆ ಮರಳಿ ಹೊತ್ತಿತು. ಯುದ್ಧಾನಂತರದ ಜಪಾನಿಗೆ ಉಕ್ಕು ಎಷ್ಟಿದ್ದರೂ ಸಾಲದು. 1963ರ ಹೊತ್ತಿಗೆ ಕಮೈಶಿಯ ಜನಸಂಖ್ಯೆ 92 ಸಾವಿರ ದಾಟಿತು. ನದಿಯ ಸೇತುವೆಯೊಂದರ ಮೇಲೆ 1958ರಿಂದ ಒಂದು ಮಾರುಕಟ್ಟೆ ನಡೆಯುತ್ತಿತ್ತು. ಕೆಳಗೆ ನೀರು, ಮೇಲೆ ಮೀನು, ತರಕಾರಿ, ಒಣಮೀನಿನ ಅಂಗಡಿಗಳು. ಕಾರ್ಖಾನೆಯ ಸಂಬಳವೂ ಕಡಲಿನ ಫಸಲೂ ಕೈ ಬದಲಾಯಿಸಿಕೊಂಡ ಜಾಗ ಅದು. 2003ರಲ್ಲಿ ಮುಚ್ಚುವವರೆಗೂ ಊರಿನ ಗುರುತಾಗಿತ್ತು.

ಹುಲಿವೇಷವನ್ನು ಬಲ್ಲ ನಿಮಗೆ ಇನ್ನೊಂದು ಸಂಗತಿ ಹೇಳಲೇಬೇಕು. ಕಮೈಶಿಯ ಮೀನುಗಾರರಲ್ಲೂ ಹುಲಿ ಕುಣಿತವಿದೆ. ಅದರ ಹೆಸರು ತೋರಾಮಾಯಿ. ಇಬ್ಬರು ಒಂದೇ ಹುಲಿಯ ಹೊದಿಕೆಯೊಳಗೆ ಸೇರಿ ಕುಣಿಯುತ್ತಾರೆ. ಹುಲಿ ಒಂದೇ ದಿನದಲ್ಲಿ ಸಾವಿರ ಹರಿದಾರಿ ಹೋಗಿ ಸಾವಿರ ಹರಿದಾರಿ ಮರಳಿ ಬರುತ್ತದೆ ಎಂಬ ಹಳೆಯ ನಂಬಿಕೆ ಅವರದು. ಕಡಲಿಗೆ ಹೋದವರು ಹಾಗೆಯೇ ಮರಳಲಿ ಎಂಬುದು ಕುಣಿತದ ಹಾರೈಕೆ.

ಎರಡು ಕಸುಬುಗಳೂ ಒಂದೇ ಊರಾದದ್ದು ಎಲ್ಲಿ ಎಂದು ಕೇಳಿದರೆ ನಾನು ಆಟದ ಮೈದಾನದಲ್ಲಿ ಎನ್ನುತ್ತೇನೆ. ಉಕ್ಕಿನ ಕಾರ್ಖಾನೆಯ ಕೆಲಸಗಾರರ ರಗ್ಬಿ ತಂಡ 1979ರಿಂದ 1985ರವರೆಗೆ ಸತತ ಏಳು ವರ್ಷ ರಾಷ್ಟ್ರೀಯ ಚಾಂಪಿಯನ್ ಆಯಿತು. ‘ಉತ್ತರದ ಉಕ್ಕಿನ ಮನುಷ್ಯರು’ ಎಂದು ಪತ್ರಿಕೆಗಳು ಕರೆದವು. ಟೋಕಿಯೊದ ಕ್ರೀಡಾಂಗಣದಲ್ಲಿ ಅವರು ಆಡುವಾಗ ಊರಿನವರು ಬೀಸುತ್ತಿದ್ದದ್ದು ಕಾರ್ಖಾನೆಯ ಬಾವುಟವನ್ನಲ್ಲ, ಮೀನುಗಾರರ ಬಾವುಟವನ್ನು. ದೋಣಿ ತುಂಬ ಮೀನು ಸಿಕ್ಕಾಗ ದಡಕ್ಕೆ ಬರುತ್ತಾ ಏರಿಸುವ ಬಣ್ಣಬಣ್ಣದ ದೊಡ್ಡ ಬಾವುಟಗಳು ಅವು. ಆಡಿದವರು ಕುಲುಮೆಯವರು, ಹಾರಿದ್ದು ಕಡಲಿನವರ ಬಾವುಟ.

ಕುಲುಮೆ ಆರಿದ ಮೇಲೆ

ಆ ಗೆಲುವಿನ ದಿನಗಳಲ್ಲೇ ಕಾರ್ಖಾನೆಯ ಅಡಿಪಾಯ ಅಲುಗಾಡುತ್ತಿತ್ತು. ಬೇರೆಡೆ ಸಮತಟ್ಟಾದ ದೊಡ್ಡ ಬಂದರುಗಳಲ್ಲಿ ಭಾರಿ ಕಾರ್ಖಾನೆಗಳು ಬಂದಿದ್ದವು. ಅವಕ್ಕೆ ಹೊರದೇಶದ ಅದಿರು ಹಡಗಿನಲ್ಲಿ ನೇರವಾಗಿ ಇಳಿಯುತ್ತಿತ್ತು. ನಮ್ಮ ಬಳ್ಳಾರಿ, ಹೊಸಪೇಟೆಯ ಅದಿರೂ ಹೀಗೆ ಜಪಾನಿಗೆ ಹೋದದ್ದುಂಟು. ಬೆಟ್ಟ ಮತ್ತು ಕೊಲ್ಲಿಯ ನಡುವೆ ಸಿಕ್ಕಿಕೊಂಡ ಕಮೈಶಿಗೆ ಬೆಳೆಯಲು ಜಾಗವೇ ಇರಲಿಲ್ಲ. ಯಾವ ಅದಿರಿನಿಂದ ಊರು ಹುಟ್ಟಿತೋ ಅದರ ಬೆಲೆಯೇ ಇಳಿದಿತ್ತು. 1989ರ ಮಾರ್ಚ್‌ನಲ್ಲಿ ಊರಿನ ಕೊನೆಯ ಊದುಕುಲುಮೆಯನ್ನು ಆರಿಸಿದರು. ಕಬ್ಬಿಣದ ತಂತಿ ತಯಾರಿಸುವ ವಿಭಾಗ ಮಾತ್ರ ಉಳಿಯಿತು. ತರುಣರು ಕೆಲಸ ಹುಡುಕಿ ಹೊರಟರು. ತೊಂಬತ್ತು ಸಾವಿರ ದಾಟಿದ್ದ ಊರು ಇಂದು ಮೂವತ್ತು ಸಾವಿರದ ಆಸುಪಾಸಿಗೆ ಇಳಿದಿದೆ. 2023ರ ಜನವರಿಯಲ್ಲಿ ತಮ್ಮ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರದ ಸುದ್ದಿ ಕೇಳಿ ಬೀದಿಗಿಳಿದ ಭದ್ರಾವತಿಯ ಜನರಿಗೆ ಈ ಲೆಕ್ಕದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಕಾಕತಾಳೀಯವೆಂಬಂತೆ ಅದೇ 1989ರಲ್ಲಿ, ಅದೇ ತೀರದಲ್ಲಿ, ಕಬ್ಬಿಣ ಮತ್ತು ಕಡಲಿನ ಇನ್ನೊಂದು ನಂಟು ಬೆಳಕಿಗೆ ಬಂತು. ದಕ್ಷಿಣದ ಕೆಸೆನ್ನುಮಾದಲ್ಲಿ ಹತಾಕೆಯಾಮ ಶಿಗೆಅತ್ಸು ಎಂಬ ಸಿಂಪಿ ಸಾಕುವ ಮೀನುಗಾರ ಜೊತೆಗಾರರನ್ನು ಕಟ್ಟಿಕೊಂಡು ಬೆಟ್ಟ ಹತ್ತಿ ಮರ ನೆಡತೊಡಗಿದ. ಕೊಲ್ಲಿಯ ನೀರು ಕೆಟ್ಟದ್ದರ ಮೂಲ ನದಿಯ ಮೇಲ್ಭಾಗದಲ್ಲಿದೆ ಎಂಬುದು ಅವನ ವಾದ. ವಿಜ್ಞಾನಿಗಳ ವಿವರಣೆ ಅದಕ್ಕೆ ಬಲ ಕೊಟ್ಟಿತು. ಕಡಲಿನ ಸೂಕ್ಷ್ಮ ಸಸ್ಯಗಳು ಬೆಳೆಯಲು ಕಬ್ಬಿಣದ ಅಂಶ ಬೇಕು. ಕಾಡಿನ ನೆಲದಲ್ಲಿ ಎಲೆ ಕೊಳೆತಾಗ ಹುಟ್ಟುವ ಆಮ್ಲಗಳು ಮಣ್ಣಿನ ಕಬ್ಬಿಣವನ್ನು ಹಿಡಿದು, ನೀರಿನಲ್ಲಿ ಕರಗಿದಂತೆಯೇ ಕಡಲಿಗೆ ತಲುಪಿಸುತ್ತವೆ. ಆ ಸೂಕ್ಷ್ಮ ಸಸ್ಯಗಳನ್ನು ಸಿಂಪಿ ತಿನ್ನುತ್ತದೆ. ಕುಲುಮೆಗಾಗಿ ಕಾಡು ಕಡಿದ ಜನ ಬೆಟ್ಟದಿಂದ ಕಬ್ಬಿಣ ತೆಗೆದರು. ಕಾಡು ತಾನೇ ತಾನಾಗಿ, ಸದ್ದಿಲ್ಲದೆ, ಅದೇ ಕಬ್ಬಿಣವನ್ನು ಮೀನುಗಾರನಿಗೆ ಕೊಡುತ್ತಿತ್ತು!

ಗೋಡೆ, ನಕ್ಷೆ, ಮಕ್ಕಳು

ಈಗ ಆರಂಭದಲ್ಲಿ ಹೇಳಿದ ಆ ಮಧ್ಯಾಹ್ನಕ್ಕೆ ಬರುತ್ತೇನೆ.

ಕಮೈಶಿ ಕೊಲ್ಲಿಯ ಬಾಯಿಗೆ 1978ರಿಂದ ಮೂವತ್ತು ವರ್ಷ ದುಡಿದು ಒಂದು ಅಲೆತಡೆ ಕಟ್ಟಿದ್ದರು. 63 ಮೀಟರ್ ಆಳದಿಂದ ಎದ್ದ ಅದು ಜಗತ್ತಿನಲ್ಲೇ ಅತಿ ಆಳದ ಅಲೆತಡೆ ಎಂದು ಗಿನ್ನೆಸ್ ದಾಖಲೆಗೂ ಸೇರಿತ್ತು. 2009ರಲ್ಲಿ ಕೆಲಸ ಮುಗಿಯಿತು. ಎರಡೇ ವರ್ಷ! 2011ರ ಅಲೆ ಅದನ್ನು ಒಡೆದು ದಾಟಿತು. ಅದು ವ್ಯರ್ಥವಾಯಿತೆನ್ನಲಾಗದು. ಅಲೆ ಊರಿಗೆ ಬರುವುದನ್ನು ಸುಮಾರು ಆರು ನಿಮಿಷ ತಡೆಯಿತು, ಎತ್ತರವನ್ನೂ ತಗ್ಗಿಸಿತು ಎಂಬುದು ಬಂದರು ತಜ್ಞರ ಲೆಕ್ಕ. ಆದರೆ ಇಷ್ಟು ದೊಡ್ಡ ಗೋಡೆ ಇದ್ದಮೇಲೆ ಓಡುವುದೇಕೆ ಎಂದು ನಿಂತವರಿಗೆ ಆ ಆರು ನಿಮಿಷ ಉಪಯೋಗಕ್ಕೆ ಬರಲಿಲ್ಲ. ಕಮೈಶಿ ನಗರದಲ್ಲಿ ಸತ್ತವರು ಮತ್ತು ಕಾಣೆಯಾದವರು ಸಾವಿರಕ್ಕೂ ಹೆಚ್ಚು.

ಅದೇ ನಗರಕ್ಕೆ ಸೇರಿದ, ಉತ್ತರದ ಪಕ್ಕದ ಕೊಲ್ಲಿಯಲ್ಲಿರುವ ಬಡಾವಣೆ ಉನೊಸುಮಾಯಿ. ಅಲ್ಲಿ ಅಕ್ಕಪಕ್ಕದಲ್ಲಿ ಎರಡು ಶಾಲೆಗಳಿದ್ದವು, ಒಂದು ಪ್ರಾಥಮಿಕ, ಇನ್ನೊಂದು ಮಾಧ್ಯಮಿಕ. ಸರ್ಕಾರಿ ನಕ್ಷೆಯ ಪ್ರಕಾರ ಅವು ಅಲೆ ಮುಟ್ಟುವ ಜಾಗದಲ್ಲಿರಲಿಲ್ಲ. ಆದರೆ 2004ರಿಂದ ಗುನ್ಮಾ ವಿಶ್ವವಿದ್ಯಾಲಯದ ಕಟಾದಾ ತೋಷಿತಾಕಾ ಎಂಬ ಪ್ರಾಧ್ಯಾಪಕರು ಕಮೈಶಿಯ ಶಿಕ್ಷಕರೊಡನೆ ದುಡಿದು ಮಕ್ಕಳಿಗೆ ಮೂರು ಮಾತು ಕಲಿಸಿದ್ದರು. ನಕ್ಷೆಯನ್ನು ಪೂರ್ತಿ ನಂಬಬೇಡಿ. ಆ ಕ್ಷಣದಲ್ಲಿ ಕೈಲಾದದ್ದನ್ನೆಲ್ಲ ಮಾಡಿ. ಇತರರಿಗೆ ಕಾಯದೆ ನೀವೇ ಮೊದಲು ಓಡಿ. ಗಣಿತದ ಪಾಠದಲ್ಲೂ ಅಲೆಯ ವೇಗದ ಲೆಕ್ಕ ಬರುತ್ತಿತ್ತು. ಆ ತೀರದ ಆಡುಮಾತಿನಲ್ಲಿ ‘ತೆಂದೆಂಕೊ’ ಎಂಬ ಪದವಿದೆ. ಅವರವರು ಅವರವರಷ್ಟಕ್ಕೆ ಎಂದು ಅರ್ಥ. ಅಲೆ ಬಂದರೆ ತಂದೆ ಮಗನನ್ನು, ಮಗ ತಂದೆಯನ್ನು ಹುಡುಕುತ್ತಾ ನಿಲ್ಲಬಾರದು ಎಂಬ ಹಿರಿಯರ ತಿಳಿವಳಿಕೆ. ಕೇಳಲು ನಿಷ್ಕರುಣೆ ಎನಿಸುತ್ತದೆ. ಆದರೆ ಮಗ ಓಡಿರುತ್ತಾನೆ ಎಂಬ ನಂಬಿಕೆ ತಂದೆಗಿದ್ದರೆ ಮಾತ್ರ ತಂದೆಯೂ ಓಡಿಯಾನು.

ಭೂಮಿ ನಡುಗಿದ ಕೂಡಲೆ ಮಾಧ್ಯಮಿಕ ಶಾಲೆಯ ಮಕ್ಕಳು ಓಡಿದರು. ಕಟ್ಟಡದ ಮೇಲಂತಸ್ತಿಗೆ ಹತ್ತಿದ್ದ ಪ್ರಾಥಮಿಕ ಶಾಲೆಯ ಮಕ್ಕಳು ಅವರನ್ನು ನೋಡಿ ಇಳಿದು ಹಿಂದೆಯೇ ಓಡಿದರು. ದೊಡ್ಡವರು ಚಿಕ್ಕವರ ಕೈ ಹಿಡಿದರು. ನಿಗದಿಯಾದ ಜಾಗ ತಲುಪಿದಾಗ ಅಲ್ಲಿಯ ಗುಡ್ಡದ ಮಣ್ಣು ಕುಸಿಯುತ್ತಿರುವುದು ಕಂಡಿತು. ಇನ್ನೂ ಮೇಲಕ್ಕೆ ಹೋದರು. ಅಲ್ಲಿಂದಲೂ ಮೇಲಕ್ಕೆ. ಬಿಟ್ಟುಬಂದ ಮೊದಲ ಜಾಗವನ್ನು ಅಲೆ ಮುಳುಗಿಸಿತು. ಶಾಲೆಗಳನ್ನೂ ಮುಳುಗಿಸಿತು. ಓಡಿದ ಸುಮಾರು ಆರುನೂರು ಮಕ್ಕಳು ಬದುಕಿದರು. ನಗರದ ಮೂರು ಸಾವಿರದಷ್ಟು ಶಾಲಾ ಮಕ್ಕಳಲ್ಲಿ ಐವರು ಅಂದು ತೀರಿಕೊಂಡರು. ಆ ಹೊತ್ತಿಗೆ ಅವರು ಶಾಲೆಯವರ ಕಣ್ಗಾವಲಿನಲ್ಲಿರಲಿಲ್ಲ.

ಇಲ್ಲಿಗೆ ಕಥೆ ನಿಲ್ಲಿಸಿದರೆ ನಿಮ್ಮ ಚಪ್ಪಾಳೆ ಸಿಗುತ್ತದೆ. ಆದರೆ ಅದು ಪೂರ್ತಿ ಸತ್ಯವಾಗುವುದಿಲ್ಲ. ಅದೇ ಉನೊಸುಮಾಯಿಯಲ್ಲಿ ವಿಪತ್ತು ನಿರ್ವಹಣೆಯ ಹೆಸರಿನಲ್ಲೇ 2010ರಲ್ಲಿ ಒಂದು ಹೊಸ ಕಟ್ಟಡ ಎದ್ದಿತ್ತು. ಸುನಾಮಿ ಬಂದಾಗ ಸೇರಬೇಕಾದ ಜಾಗ ಅದಲ್ಲ. ಆದರೆ ಎತ್ತರದ ಜಾಗಕ್ಕೆ ಹತ್ತುವುದು ವಯಸ್ಸಾದವರಿಗೆ ಕಷ್ಟವೆಂದು ಅಣಕು ಕವಾಯತುಗಳಿಗೆ ಅಲ್ಲೇ ಸೇರುವ ರೂಢಿ ಬೆಳೆದಿತ್ತು. ಅಂದೂ ಜನ ರೂಢಿಯಂತೆ ಅಲ್ಲಿಗೇ ಓಡಿದರು. ಆ ಕಟ್ಟಡದೊಳಗೆ ನೂರಕ್ಕೂ ಹೆಚ್ಚು ಜನ ಸತ್ತರು. ಮಕ್ಕಳ ಕಾಲು ಮೇಲಕ್ಕೆ ಓಡಿದ್ದೂ ಅಭ್ಯಾಸದಿಂದ. ಹಿರಿಯರ ಕಾಲು ಆ ಕಟ್ಟಡಕ್ಕೆ ಓಡಿದ್ದೂ ಅಭ್ಯಾಸದಿಂದಲೇ.

ಪತ್ರಿಕೆಗಳು ಮಕ್ಕಳ ಸಂಗತಿಯನ್ನು ‘ಕಮೈಶಿಯ ಪವಾಡ’ ಎಂದು ಕರೆದವು. ಆ ಶೀರ್ಷಿಕೆ ಕೊಟ್ಟವರನ್ನು ನಾನು ಟೀಕಿಸಲಾರೆ. ಆ ದಿನ ನಾನು ಸುದ್ದಿಮನೆಯಲ್ಲಿದ್ದರೂ ಅದನ್ನೇ ಕೊಡುತ್ತಿದ್ದೆನೇನೊ. ಆದರೆ ಮನೆಯವರನ್ನು ಕಳೆದುಕೊಂಡವರಿಗೆ ಆ ಪದ ಚುಚ್ಚಿತು. ಉಳಿದ ಮಕ್ಕಳಿಗೂ ಅದು ಹೊರೆಯಾಯಿತು. ನಗರಾಡಳಿತ ಆ ಪದವನ್ನು ಕೈಬಿಟ್ಟು ‘ಕಮೈಶಿಯಲ್ಲಿ ನಡೆದದ್ದು’ ಎಂದಷ್ಟೇ ಹೇಳಲು ತೀರ್ಮಾನಿಸಿತು. ನನ್ನ ವೃತ್ತಿಗೆ ಇದೊಂದು ಪಾಠ. ಪವಾಡ ಎಂದರೆ ಅದರ ಹಿಂದಿನ ಏಳು ವರ್ಷಗಳ ಪಾಠವೂ ಮರೆಯಾಗುತ್ತದೆ, ಪಕ್ಕದ ಕಟ್ಟಡದ ತಪ್ಪೂ ಮರೆಯಾಗುತ್ತದೆ.

ಕೈಗೆ ಬಂದ ನೆನಪು

ಎರಡು ಶಾಲೆಗಳು ನಿಂತಿದ್ದ ಜಾಗದಲ್ಲಿ 2018ರಲ್ಲಿ ರಗ್ಬಿ ಕ್ರೀಡಾಂಗಣ ಕಟ್ಟಿದರು. 2019ರ ಸೆಪ್ಟೆಂಬರ್ 25ರಂದು ಅಲ್ಲಿ ವಿಶ್ವಕಪ್ ಪಂದ್ಯದಲ್ಲಿ ಉರುಗ್ವೆ ಫಿಜಿಯನ್ನು ಸೋಲಿಸಿತು. ಪ್ರೇಕ್ಷಕರ ನಡುವೆ ಆ ಹಳೆಯ ಮೀನುಗಾರರ ಬಾವುಟಗಳು ಮತ್ತೆ ಹಾರಿದವು. ಅಕ್ಟೋಬರ್ 13ರ ಎರಡನೆಯ ಪಂದ್ಯ ಚಂಡಮಾರುತದಿಂದ ರದ್ದಾಯಿತು. ಆಡಬೇಕಿದ್ದ ಕೆನಡಾ ತಂಡದವರು ಸಲಿಕೆ ಹಿಡಿದು ಊರಿನ ಬೀದಿಗಳ ಕೆಸರು ತೆಗೆದರು.

ಕಡಲಿನವರೂ ಮತ್ತೆ ಕಡಲಿಗೆ ಇಳಿದರು. ದೋಣಿ, ಬಲೆ ಎಲ್ಲವನ್ನೂ ಕಳೆದುಕೊಂಡ ಆ ತೀರದ ಹಲವರು ಮೊದಲು ಕೈಹಾಕಿದ್ದು ವಕಾಮೆ ಎಂಬ ಕಡಲಕಳೆಯ ಬೇಸಾಯಕ್ಕೆ. ಅದು ಕೆಲವೇ ತಿಂಗಳಲ್ಲಿ ಫಸಲು ಕೊಡುತ್ತದೆ. ಅವರ ಕಷ್ಟ ಮುಗಿದಿಲ್ಲ. ಒಂದು ಕಾಲಕ್ಕೆ ಇವಾತೆಯ ಹೆಮ್ಮೆಯಾಗಿದ್ದ ಸಾಲ್ಮನ್ ಮೀನು ಈಚಿನ ವರ್ಷಗಳಲ್ಲಿ ತೀರಾ ಕಡಿಮೆಯಾಗಿದೆ.

ಕುಲುಮೆ ಆರಿ ಮೂವತ್ತೈದು ವರ್ಷ ದಾಟಿತು. ಕಬ್ಬಿಣದ ಇತಿಹಾಸ ಹೇಳುವ ಒಂದು ವಸ್ತುಸಂಗ್ರಹಾಲಯ ಊರಿನಲ್ಲಿದೆ. ಹಾಶಿನೊ ಕುಲುಮೆಯ ಅಷ್ಟೇ ಗಾತ್ರದ ಪ್ರತಿರೂಪ ಅಲ್ಲಿದೆ. ಆದರೆ ಅದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಕಮೈಶಿಯ ಶಾಲಾ ಮಕ್ಕಳಿಂದ ಸಣ್ಣ ಕುಲುಮೆ ಕಟ್ಟಿಸಿ, ಇದ್ದಿಲು ಸುರಿಸಿ, ಗಾಳಿ ಊದಿಸಿ, ಕಬ್ಬಿಣ ತೆಗೆಸುತ್ತಾರೆ. ಓಶಿಮಾ ಪುಸ್ತಕದಿಂದ ಕಲಿತು ಮಾಡಿದ್ದನ್ನು ಈ ಮಕ್ಕಳು ಕೈ ಸುಟ್ಟುಕೊಳ್ಳುವಷ್ಟು ಹತ್ತಿರದಿಂದ ನೋಡುತ್ತಾರೆ.

ನಾನು ಹೇಳಬೇಕೆಂದದ್ದು ಇಷ್ಟೆ. ನೆನಪು ಕಲ್ಲಿನಲ್ಲಿದ್ದರೆ ಸಾಲದು, ಕಾಲಿಗೂ ಬರಬೇಕು, ಕೈಗೂ ಬರಬೇಕು. ಕಬ್ಬಿಣದ ನೆನಪನ್ನು ಕಮೈಶಿ ಮಕ್ಕಳ ಕೈಗೆ ಕೊಟ್ಟಿತು, ಕಡಲಿನ ನೆನಪನ್ನು ಮಕ್ಕಳ ಕಾಲಿಗೆ ಕೊಟ್ಟಿತು. ಎಲ್ಲಿ ಕೊಡಲು ಮರೆಯಿತೋ, ಎಲ್ಲಿ ಸುಲಭದ ದಾರಿ ಹಿಡಿಯಿತೋ ಅಲ್ಲಿ ಬೆಲೆ ತೆತ್ತಿತು.

ನಮ್ಮ ಅರಬ್ಬಿ ಕಡಲು ಅಷ್ಟು ಉಗ್ರವಲ್ಲ ಎಂದು ನೀವು ಹೇಳಬಹುದು. ಇರಬಹುದು. ಆದರೆ ಮಳೆಗಾಲದಲ್ಲಿ ಅಳಿವೆ ಯಾವ ಕಡೆ ತಿರುಗುತ್ತದೆ, ಹಿಂದೆ ಕಡಲು ಎಲ್ಲಿಯವರೆಗೆ ಬಂದಿತ್ತು, ಯಾವ ಗಾಳಿಗೆ ದೋಣಿ ಇಳಿಸಬಾರದು ಎಂಬುದೆಲ್ಲ ಇಲ್ಲಿ ಕುಳಿತಿರುವ ಅಜ್ಜಂದಿರ, ಅಜ್ಜಿಯರ ತಲೆಯಲ್ಲಿದೆ. ಅದನ್ನು ಮೊಮ್ಮಕ್ಕಳಿಗೆ ದಡದ ಮೇಲೆ ನಡೆಸಿ ತೋರಿಸಿ. ಹಾಗೆಯೇ ಆ ಕಮ್ಮಾರ ಸಾಲೆ ಯಾವ ಮೂಲೆಯಲ್ಲಿತ್ತೆಂದು ಇವತ್ತೇ ನಿಮ್ಮ ನಿಮ್ಮಲ್ಲಿ ತೀರ್ಮಾನಿಸಿಕೊಳ್ಳಿ. ನಾಳೆ ಬೆಳಗ್ಗೆ ಬಸ್ಸು ಹತ್ತುವ ಮುಂಚೆ ನಾನು ಮತ್ತೊಮ್ಮೆ ದಕ್ಕೆಗೆ ಬರುವವನಿದ್ದೇನೆ. ಅದನ್ನು ತೋರಿಸಿಕೊಟ್ಟರೆ ಬರೆದುಕೊಂಡು ಹೋಗುತ್ತೇನೆ.